ಫಕ್ಕೀರಪ್ಪ ಹೋಗಿದ್ದು ಯುದ್ಧಕ್ಕೇ

ತಪ್ಪು ನನ್ನದು. ಫಕ್ಕೀರಪ್ಪ ಯುದ್ಧಕ್ಕೆ ಹೋಗಿದ್ದನೋ ಇಲ್ಲವೋ ಎಂಬ ಪ್ರಶ್ನೆ ನಮ್ಮೂರ ಶಾಲೆಯ ಮುಂದೆ ಬಂದಾಗ, ಹೋಗಿರಲಿಲ್ಲ ಎಂದು ತೀರ್ಪು ಕೊಟ್ಟವಳು ನಾನು. ತಿಳಿಯದೆ ಹೇಳಿದೆ ಎಂದರೆ ಅರ್ಧ ಸತ್ಯವಾಗುತ್ತದೆ. ಮೊದಲ ಸಲ ಹೇಳುವಾಗ ತಿಳಿದಿರಲಿಲ್ಲ — ಅದನ್ನೇ ಊರಿನ ಮುಂದೆ ಮೈಕಿನಲ್ಲಿ ಹೇಳುವ ಹೊತ್ತಿಗೆ ತಿಳಿದಿತ್ತು. ತಿಳಿದೂ ಹೇಳಿದೆ. ಆಮೇಲೆ ಏಳು ವರ್ಷ ಸುಮ್ಮನಿದ್ದೆ.

ಇದನ್ನು ಬರೆಯಲು ಕೂರುವ ಮುನ್ನ ಹಳೆಯ ಡೈರಿಗಳನ್ನು ಕಪಾಟಿನಿಂದ ಇಳಿಸಿಕೊಂಡೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿ ವಾದ ಮಾಡುತ್ತದೆ. ಡೈರಿಗೆ ಅಷ್ಟು ದಾಕ್ಷಿಣ್ಯವಿಲ್ಲ.

ಫಕ್ಕೀರಪ್ಪ ಸೈನ್ಯದಲ್ಲಿ ಹದಿನೈದು ವರ್ಷ ಇದ್ದು ಬಂದವನು. ಬಂದಮೇಲೆ ರಾಣೆಬೆನ್ನೂರಿನ ರೈಲ್ವೆ ಸ್ಟೇಷನ್ನಿನಿಂದ ಮೇಡ್ಲೇರಿ ರಸ್ತೆಯಲ್ಲಿರುವ ನಮ್ಮೂರಿಗೆ ಆಟೊ ಓಡಿಸುತ್ತಿದ್ದ. ಮೂರು ಜನ ಕೂರುವ ಆಟೊದಲ್ಲಿ ಎಂಟು ಜನ, ಎರಡು ಬೀಜದ ಚೀಲ, ಕೆಲವೊಮ್ಮೆ ಒಂದು ಮೇಕೆ. ಎಂಬತ್ತರ ದಶಕದ ಕೊನೆಗೆ ನಮ್ಮ ದೇಶ ಶ್ರೀಲಂಕಾಕ್ಕೆ ಶಾಂತಿ ಕಾಯಲೆಂದು ಕಳಿಸಿದ ಪಡೆಯಲ್ಲಿ ಆತ ಇದ್ದ. ಪ್ರತಿ ಟ್ರಿಪ್ಪಿನಲ್ಲೂ ಆ ಕಥೆ ಹೇಳುತ್ತಿದ್ದ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಓಡುವ ಆಟೊದಿಂದ ಇಳಿದು ಹೋಗುವವರು ಯಾರು?

ಕಥೆಯನ್ನು ಆತ ರಸ್ತೆಯ ಅಳತೆಗೆ ಹೊಂದಿಸಿಕೊಂಡಿದ್ದ. ಸ್ಟೇಷನ್ ಬಿಟ್ಟು ಬೀಜದ ಗೋದಾಮುಗಳನ್ನು ದಾಟುವುದರೊಳಗೆ ಹಡಗು ಮದ್ರಾಸಿನಿಂದ ಹೊರಡುತ್ತಿತ್ತು. ರೈಲ್ವೆ ಗೇಟು ಹಾಕಿದ್ದರೆ ಹಡಗಿನಲ್ಲಿ ಎಲ್ಲರೂ ವಾಂತಿ ಮಾಡಿಕೊಂಡ ಪ್ರಸಂಗ ಸೇರುತ್ತಿತ್ತು. ಗೇಟು ತೆರೆದಿದ್ದರೆ ನೇರವಾಗಿ ದಡ. ಕಾಲುವೆಯ ಸೇತುವೆ ಬಂದಾಗ ತೆಂಗಿನ ತೋಟದಿಂದ ಗುಂಡಿನ ಸದ್ದು. ಅಲ್ಲಿಂದ ಊರ ಅಗಸಿ ಬಾಗಿಲಿನವರೆಗೆ — ಐವರು ಸೈನಿಕರು, ಒಂದು ಬಾವಿಯ ಕಟ್ಟೆ, ಒಂದೇ ಬಿಸ್ಕತ್ತಿನ ಪ್ಯಾಕೆಟ್ಟು, ಇಡೀ ಒಂದು ಹಗಲು. ಬಿಸ್ಕತ್ತನ್ನು ಹೇಗೆ ಮುರಿದರು ಎಂದು ತೋರಿಸಲು ಆತ ಹ್ಯಾಂಡಲಿನಿಂದ ಎರಡೂ ಕೈ ತೆಗೆಯುತ್ತಿದ್ದ. ಹಿಂದೆ ಕೂತ ಹೆಂಗಸರು ಒಕ್ಕೊರಲಿನಿಂದ ಕೂಗುತ್ತಿದ್ದರು: “ಯಪ್ಪಾ, ಬಿಸ್ಕೀಟು ಆಮ್ಯಾಲ ಮುರಿ, ಮೊದಲ ಹ್ಯಾಂಡಲ್ ಹಿಡಿ!”

ಸ್ಟ್ಯಾಂಡಿನಲ್ಲಿ ಆತನನ್ನು ಕೆಣಕುವವರಿಗೆ ಕೊರತೆ ಇರಲಿಲ್ಲ.

“ಏನೋ ಹನುಮಪ್ಪಾ, ಲಂಕಾ ಸುಟ್ಟು ಬಂದೀಯೇನಲೇ?”

“ಸುಡಾಕಲ್ಲೋ, ಬೆಂಕಿ ಆರಸಾಕ ಕಳಿಸಿದ್ರು. ಆದ್ರ ಬಾಲಕ್ಕ ಹತ್ತಿದ್ದು ಮಾತ್ರ ಖರೇ.”

ಕಥೆಯ ಕೊನೆಗೆ ಐವರಲ್ಲಿ ಒಬ್ಬ ನೀರು ಸೇದಲೆಂದು ಎದ್ದು ನಿಲ್ಲುತ್ತಿದ್ದ. ಮತ್ತೆ ಕೂರುತ್ತಿರಲಿಲ್ಲ; ನಮಗಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಕಣ್ಣು ಮುಚ್ಚುತ್ತಿದ್ದ. ಅಷ್ಟು ಹೊತ್ತಿಗೆ ಅಗಸಿ ಬರುತ್ತಿತ್ತು. ದಾರಿಯುದ್ದಕ್ಕೂ ನಕ್ಕವರು ಸದ್ದಿಲ್ಲದೆ ಇಳಿದು ಮನೆಗೆ ಹೋಗುತ್ತಿದ್ದರು.

ನಾನೂ ಹಾಗೆ ಎಷ್ಟೋ ಸಲ ಇಳಿದು ಹೋಗಿದ್ದೇನೆ.

ಕಾರ್ಗಿಲ್ ಮುಗಿದು ಮೂರು ವರ್ಷವಾಗಿತ್ತು. ಊರಿನ ಶಾಲೆಗೆ ಐವತ್ತು ತುಂಬಿತು. ಶಾಲೆಯಲ್ಲಿ ಓದಿ ಯುದ್ಧದಲ್ಲಿ ಪಾಲ್ಗೊಂಡವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಸಮಿತಿ ತೀರ್ಮಾನಿಸಿತು. ಕಲ್ಲು ಕೊಟ್ಟವರು ಸಮಿತಿಯ ಅಧ್ಯಕ್ಷರಾದ ಚನ್ನಬಸಪ್ಪನವರು — ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ, ಮಾತು ಅದಕ್ಕಿಂತ ಖಾರ. ಕಲ್ಲು ಬಂದ ಖುಷಿಯಲ್ಲಿ ಹೆಸರುಗಳ ಪಟ್ಟಿ ಸಿದ್ಧವಾಗುವ ಮೊದಲೇ ಅದನ್ನು ಶಾಲೆಯ ಅಂಗಳದಲ್ಲಿ ನೆಟ್ಟು, ಸುತ್ತ ಸಿಮೆಂಟಿನ ಕಟ್ಟೆಯನ್ನೂ ಕಟ್ಟಿಬಿಟ್ಟರು. ಆಮೇಲೆ ಕೆತ್ತುವ ಮಲ್ಲೇಶಿ ಬಂದು ಗೇಣು ಹಾಕಿ ನೋಡಿ, “ಹನ್ನೊಂದು ಹೆಸರು ಅಷ್ಟ ಹಿಡಿತಾವರಿ. ಹನ್ನೆರಡನೇದು ಸಿಮೆಂಟಿನ್ಯಾಗ ಮುಳಗ್ತದ” ಎಂದ.

ಇದ್ದದ್ದು ಹನ್ನೆರಡು ಜನ. ಅರವತ್ತೈದರಲ್ಲಿ ಇಬ್ಬರು, ಎಪ್ಪತ್ತೊಂದರಲ್ಲಿ ಆರು, ಕಾರ್ಗಿಲ್ ಹೊತ್ತಿಗೆ ಮೂವರು. ಮತ್ತೆ ಫಕ್ಕೀರಪ್ಪ.

ಕಾರ್ಗಿಲ್‌ನ ಮೂವರಲ್ಲಿ ಒಬ್ಬ ನನ್ನ ಅಣ್ಣ ಬಸವರಾಜ. ಆ ದಿನಗಳಲ್ಲಿ ಬಸಣ್ಣ ಗಡಿಯಿಂದ ಬಹಳ ದೂರದ ಒಂದು ಡಿಪೋದಲ್ಲಿ ರೇಷನ್ ಲೋಡು ಮಾಡಿಸುತ್ತಿದ್ದ. ರಜೆಗೆ ಬಂದವನು ಪಟ್ಟಿಯಲ್ಲಿ ತನ್ನ ಹೆಸರು ನೋಡಿ ನಕ್ಕಿದ್ದ: “ಗಿರಿಜಾ, ಆ ಯುದ್ಧದಾಗ ನಾ ಕಂಡ ಗುಂಡು ಅಂದ್ರ ಆಲೂಗಡ್ಡಿ ಒಂದ.”

“ಸುಮ್ನಿರು, ಅವ್ವಗ ಕೇಳಸ್ತದ” ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಹಾವೇರಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವಳು ಎಂಬ ಕಾರಣಕ್ಕೆ ಸಮಿತಿ ನನ್ನನ್ನು ಕರೆಯಿತು. ಚನ್ನಬಸಪ್ಪನವರು ಎಲ್ಲರ ಮುಂದೆ ಹೇಳಿದರು: “ಮೇಡಮ್ಮಾರ, ನಾವು ಕಾಯಿ ವಿಂಗಡ ಮಾಡಾವ್ರು. ಯುದ್ಧ ವಿಂಗಡ ಮಾಡಾಕ ನಮಗ ಬರೂದಿಲ್ಲ. ಯಾವುದು ಯುದ್ಧ, ಯಾವುದು ಅಲ್ಲ — ಕಾನೂನು ಏನ್ ಹೇಳ್ತದ, ನೀವ ಹೇಳ್ರಿ.”

ಎಂಥ ಸುಖ ಅದು! ಊರಿನ ಗಂಡಸರೆಲ್ಲ ಸುಮ್ಮನಾಗಿ ನನ್ನ ಬಾಯಿ ನೋಡುತ್ತಿದ್ದರು. ನಾನು ಎಂ.ಎ.ಯಲ್ಲಿ ಓದಿದ್ದನ್ನು ನೆನೆದು — ಇಲ್ಲ, ನೆನೆದಂತೆ ಮಾಡಿ — ಶುರು ಮಾಡಿದೆ. ಒಂದು ದೇಶ ಇನ್ನೊಂದು ದೇಶದ ಮೇಲೆ ಘೋಷಿಸಿ ಮಾಡುವುದು ಯುದ್ಧ. ಶ್ರೀಲಂಕಾದ ವಿಷಯ ಬೇರೆ. ನಮ್ಮ ಸೈನ್ಯ ಅಲ್ಲಿಗೆ ಹೋದದ್ದು ಅಲ್ಲಿಯ ಸರ್ಕಾರದ ಒಪ್ಪಿಗೆಯಿಂದ. ಎದುರಿಗಿದ್ದದ್ದು ದೇಶವಲ್ಲ, ಒಂದು ಗುಂಪು. ಕೆಲಸದ ಹೆಸರೇ ಶಾಂತಿಪಾಲನೆ.

ಫಕ್ಕೀರಪ್ಪ ತನ್ನ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಾಗಿಲ ಬಳಿ ನಿಂತಿದ್ದ. ಆಟೊದಲ್ಲಿ ಅಷ್ಟು ಮಾತಾಡುವವನು ಅಲ್ಲಿ ಒಂದೇ ಮಾತಾಡಿದ:

“ಅಕ್ಕಾರ, ಅಲ್ಲಿ ಗುಂಡು ಹಾರಿದ್ದು ಖರೇನ. ಹಾರಿಸಿದಾವಾ ದೇಶನೋ ಗುಂಪೋ ಅಂತ ಕೇಳಾಕ ನಾ ನಿಂದರಲಿಲ್ಲರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಹೇಳಿದೆ: “ನಿಮ್ಮ ಬಗ್ಗೆ ಗೌರವ ಇದೆ. ಆದರೆ ಕಾನೂನಿನ ಪ್ರಕಾರ ಅದು ಯುದ್ಧ ಅಲ್ಲ.”

ಹನ್ನೊಂದು ಉಳಿಯಿತು. ಮಲ್ಲೇಶಿಯ ಸಮಸ್ಯೆ ಬಗೆಹರಿಯಿತು.

ಮರುವಾರ ಕಾಲೇಜಿನ ಗ್ರಂಥಾಲಯದಲ್ಲಿ, ಬೇರೆ ಏನನ್ನೋ ಹುಡುಕುವಾಗ, ಅಂತರರಾಷ್ಟ್ರೀಯ ಕಾನೂನಿನ ಒಂದು ದಪ್ಪ ಪುಸ್ತಕದಲ್ಲಿ ಆ ಪುಟ ಸಿಕ್ಕಿತು. ಸರಳವಾಗಿಯೇ ಇತ್ತು. ಎರಡನೆಯ ಮಹಾಯುದ್ಧದ ನಂತರ ಜಿನೀವಾದಲ್ಲಿ ಆದ ಒಪ್ಪಂದಗಳಿಂದೀಚೆಗೆ, ಘೋಷಣೆ ಆಗಿದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಸರ್ಕಾರ ಅದನ್ನು ಯುದ್ಧ ಎಂದು ಕರೆಯಲಿ, ಕಾರ್ಯಾಚರಣೆ ಎನ್ನಲಿ, ಶಾಂತಿಪಾಲನೆ ಎನ್ನಲಿ — ಕಾನೂನು ಹೆಸರನ್ನು ನೋಡುವುದಿಲ್ಲ. ನೆಲದ ಮೇಲೆ ನಿಜವಾಗಿ ಏನು ನಡೆಯಿತು ಎಂದು ನೋಡುತ್ತದೆ. ದೇಶ ದೇಶಗಳ ನಡುವೆ ನಡೆದರೆ ಒಂದು ಬಗೆ, ಸೈನ್ಯಕ್ಕೂ ಸಂಘಟಿತ ಗುಂಪಿಗೂ ನಡೆದರೆ ಇನ್ನೊಂದು ಬಗೆ. ಎರಡೂ ಸಶಸ್ತ್ರ ಸಂಘರ್ಷವೇ.

ಇನ್ನೊಂದು ಕಡೆಯಿಂದ ನೋಡಿದರೆ ನಗು ಬರುತ್ತದೆ. ಕಾರ್ಗಿಲ್‌ನಲ್ಲಿ ಯಾವ ದೇಶವೂ ಯುದ್ಧ ಘೋಷಿಸಿರಲಿಲ್ಲ. ನಾನು ಸಮಿತಿಗೆ ಕೊಟ್ಟ ಅಳತೆಯನ್ನೇ ಹಿಡಿದರೆ ಫಕ್ಕೀರಪ್ಪನ ಜೊತೆ ನನ್ನ ಅಣ್ಣನೂ ಹೊರಗೆ. ಪುಸ್ತಕದ ಅಳತೆ ಹಿಡಿದರೆ ಫಕ್ಕೀರಪ್ಪ ಒಳಗೆ; ಆಲೂಗಡ್ಡೆಯ ನಡುವೆ ಕಾಲ ಕಳೆದ ಬಸಣ್ಣ — ಸಂಶಯ. ಯಾವ ಕಡೆಯಿಂದ ಕೂಡಿಸಿದರೂ ನನ್ನ ಪಟ್ಟಿ ತಪ್ಪು.

ಇಲ್ಲಿ ನನ್ನ ನೆನಪು ಬಂದು ಪಿಸುಗುಟ್ಟುತ್ತದೆ: ನೀನು ಅಣ್ಣನಿಗಾಗಿ ಸುಮ್ಮನಿದ್ದೆ, ಅವ್ವನ ಸಂತೋಷಕ್ಕಾಗಿ ಸುಮ್ಮನಿದ್ದೆ. ಕೇಳಲು ಚೆನ್ನಾಗಿದೆ. ಆದರೆ ಆ ದಿನದ ಡೈರಿಯಲ್ಲಿ ಅಣ್ಣನೂ ಇಲ್ಲ, ಅವ್ವನೂ ಇಲ್ಲ. ಇರುವುದು ಇಷ್ಟು: “ಪುಟ ಸಿಕ್ಕಿತು. ಈಗ ಹೇಳಿದರೆ ಚನ್ನಬಸಪ್ಪನವರು ಏನೆಂದುಕೊಂಡಾರು? ಓದಿದವಳು ವಾರಕ್ಕೊಂದು ಮಾತು ಎಂದಾರು. ಹೇಳುವುದು ಬೇಡ. ಕ್ಯಾಂಟೀನಿನ ಮಿರ್ಚಿ ಬಜ್ಜಿ ಇವತ್ತು ಬಹಳ ಚೆನ್ನಾಗಿತ್ತು.”

ಮಿರ್ಚಿ ಚೆನ್ನಾಗಿತ್ತಂತೆ. ಒಬ್ಬ ಮನುಷ್ಯನ ಹೆಸರನ್ನು ತಿಳಿದೂ ಹೊರಗೇ ಬಿಟ್ಟ ದಿನ ನಾನು ಮಿರ್ಚಿಯ ರುಚಿಯನ್ನು ಬರೆದಿಟ್ಟಿದ್ದೇನೆ.

ಕಲ್ಲಿನ ಅನಾವರಣದ ದಿನ ನನಗೆ ಮೈಕು ಕೊಟ್ಟರು. ಕೆಲವರ ಹೆಸರು ಯಾಕಿಲ್ಲ ಎಂದು ಜನ ಕೇಳುತ್ತಿದ್ದಾರೆ, ಸ್ವಲ್ಪ ತಿಳಿಸಿ ಹೇಳಿ ಎಂದರು. ಹೇಳಿದೆ. ಅದೇ ಮಾತು, ಅದೇ ನಗು — ಈ ಸಲ ಎರಡು ದೊಡ್ಡ ಸ್ಪೀಕರುಗಳಲ್ಲಿ, ಶಾಲೆಯ ಅಂಗಳ ದಾಟಿ ಬಸ್ ಸ್ಟಾಪಿನವರೆಗೆ: “ಕಾನೂನಿನ ಪ್ರಕಾರ ಅದು ಯುದ್ಧ ಅಲ್ಲ.” ಜನ ಚಪ್ಪಾಳೆ ಹೊಡೆದರು. ಲಾಡು ಹಂಚಿದರು. ಫಕ್ಕೀರಪ್ಪನೂ ಒಂದು ಲಾಡು ತೆಗೆದುಕೊಂಡದ್ದನ್ನು ನಾನು ನೋಡಿದೆ — ನೋಡಿದೆನೇ? ಡೈರಿಯಲ್ಲಿ ಅದಿಲ್ಲ. ನನ್ನ ಸಮಾಧಾನಕ್ಕೆ ನಾನೇ ಆತನ ಕೈಗೆ ಲಾಡು ಕೊಟ್ಟಿರಬಹುದು.

ಆಮೇಲೆ ಆಟೊದಲ್ಲಿ ಕಥೆ ನಿಂತಿತು. ಒಂದೇ ದಿನಕ್ಕಲ್ಲ. ಮೊದಲ ಕೆಲವು ದಿನ ಶುರು ಮಾಡಿದನಂತೆ. ಕಾಲುವೆ ಬರುವುದರೊಳಗೆ ಯಾರೋ ಒಬ್ಬರು, “ಅದು ಯುದ್ಧ ಅಲ್ಲಂತಲ್ಲೋ ಮಾರಾಯಾ, ಮೈಕಿನ್ಯಾಗ ಹೇಳ್ಯಾರಲ್ಲ” ಎಂದರಂತೆ. ಕೆಟ್ಟದ್ದಕ್ಕೆ ಅಂದದ್ದಲ್ಲ, ತಮಾಷೆಗೆ. ಅದಾಗಿ ತಿಂಗಳೊಳಗೆ ಫಕ್ಕೀರಪ್ಪ ಆಟೊಗೆ ಟೇಪ್ ಹಾಕಿಸಿದ. ಸ್ಟೇಷನ್ನಿನಿಂದ ಅಗಸಿಯವರೆಗೆ ಸಿನಿಮಾ ಹಾಡು. ಎಷ್ಟು ಜೋರೆಂದರೆ ಯಾರೂ ಏನನ್ನೂ ಕೇಳುವಂತಿರಲಿಲ್ಲ. ಎರಡೂ ಕೈ ಈಗ ಹ್ಯಾಂಡಲಿನ ಮೇಲೆಯೇ ಇರುತ್ತವೆ ಎಂದು ಹೆಂಗಸರು ಸಂತೋಷಪಟ್ಟರು.

ನಾನು ಬಸ್ಸಿನಲ್ಲಿ ಓಡಾಡತೊಡಗಿದೆ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಹಾವೇರಿಯ ತರಗತಿಯಲ್ಲಿ ನಾನು ಪ್ರತಿ ವರ್ಷ ಆ ಪುಟವನ್ನು ಸರಿಯಾಗಿಯೇ ಪಾಠ ಮಾಡಿದೆ. “ಹೆಸರಿಗೆ ಮೋಸ ಹೋಗಬೇಡಿ, ಶಾಂತಿಪಾಲನೆಗೆ ಹೋದ ಪಡೆಯೂ ಯುದ್ಧದೊಳಗೆ ಬೀಳಬಹುದು” ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಸಂಜೆ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಹಾವೇರಿಯಲ್ಲಿ ಒಂದು ಕಾನೂನು, ಊರಿನಲ್ಲಿ ಒಂದು. ನಡುವೆ ಒಂದು ಬಸ್ ಟಿಕೆಟ್ಟು.

ಏಳನೆಯ ವರ್ಷ ಎರಡನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ರೇಣುಕಾ — ಫಕ್ಕೀರಪ್ಪನ ಮಗಳು.

“ಮೇಡಂ, ಹಂಗಾರ ಶ್ರೀಲಂಕಾದಾಗ ಆಗಿದ್ದು?”

“ಅದು ಸಿಲಬಸ್‌ನಲ್ಲಿ ಇಲ್ಲಮ್ಮ.”

“ಸಿಲಬಸ್‌ನ್ಯಾಗ ಇಲ್ಲದ್ದ ಖರೇ ಇರೂದಿಲ್ಲೇನ್ರಿ?”

ತರಗತಿ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಗಂಟೆ ಹೊಡೆಯಿತು — ಜೀವನದಲ್ಲಿ ಯಾವ ಗಂಟೆಯೂ ಅಷ್ಟು ತಡವಾಗಿ ಹೊಡೆದಿಲ್ಲ.

ಮರುದಿನ ಭಾನುವಾರ. ಸ್ಟೇಷನ್ನಿನ ಎದುರು ಫಕ್ಕೀರಪ್ಪ ಆಟೊದ ಗಾಜು ಒರೆಸುತ್ತಿದ್ದ. ಹತ್ತಿರ ಹೋಗಿ, ಯಾರಿಗೂ ಕೇಳದಂತೆ ಎಲ್ಲವನ್ನೂ ಹೇಳಿದೆ. ಪುಟ, ಅಣ್ಣ, ಡೈರಿ — ಮಿರ್ಚಿಯನ್ನೂ ಬಿಡಲಿಲ್ಲ. ಆತ ಒರೆಸುವುದನ್ನು ನಿಲ್ಲಿಸದೆ ಕೇಳಿದ. ಆಮೇಲೆ ಬಟ್ಟೆ ಹಿಂಡಿ ಹೇಳಿದ:

“ಅಕ್ಕಾರ, ಯುದ್ಧ ಅಲ್ಲ ಅಂತ ಮೈಕಿನ್ಯಾಗ ಹೇಳಿದ್ರಿ. ಹೌದು ಅಂತ ಕಿವ್ಯಾಗ ಹೇಳಾಕ ಬಂದೀರಿ. ಇದ್ಯಾವ ಕಾನೂನರಿ?”

ಸಿಟ್ಟಿನಿಂದ ಅನ್ನಲಿಲ್ಲ. ಅದೇ ಹಳೆಯ ಆಟೊದ ಧಾಟಿ, ಕಣ್ಣಿನಂಚಿನಲ್ಲಿ ನಗು ಕೂಡ.

ಆಗಸ್ಟ್ ಹದಿನೈದಕ್ಕೆ ನಾನೇ ಹೋಗಿ ಹೆಡ್‌ಮಾಸ್ತರರ ಹತ್ತಿರ ಮೈಕು ಕೇಳಿದೆ. ಎರಡು ನಿಮಿಷ ಎಂದರು. ಆರು ನಿಮಿಷ ಮಾತಾಡಿದೆನಂತೆ. ಈ ಕಲ್ಲಿನ ಪಟ್ಟಿ ತಪ್ಪು, ಒಂದು ಹೆಸರು ತಪ್ಪಿಸಿದವಳು ನಾನು, ತಿಳಿದೂ ಸುಮ್ಮನಿದ್ದವಳು ನಾನು, ಕಾನೂನಿನ ಪ್ರಕಾರವೂ ನಿಜದ ಪ್ರಕಾರವೂ ಫಕ್ಕೀರಪ್ಪ ಹೋಗಿದ್ದು ಯುದ್ಧಕ್ಕೇ ಎಂದು ಹೇಳಿದೆ. ಮುಂದಿನ ಸಾಲಿನ ಮಕ್ಕಳು ಲಾಡಿನ ಬುಟ್ಟಿಯನ್ನೇ ನೋಡುತ್ತಿದ್ದವು. ಚಪ್ಪಾಳೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆಗ ಹಿಂದಿನಿಂದ, ಈಗ ನಿವೃತ್ತನಾಗಿ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ನನ್ನ ಅಣ್ಣ ಎದ್ದು ನಿಂತ.

“ಹಂಗಾರ ನಂದೂ ಹೇಳಿಬಿಡ್ತೇನಿ. ನಾ ಆಲೂಗಡ್ಡಿ ಲೋಡು ಮಾಡಿಸಿದಾವ. ನನ್ನ ಹೆಸರು ತಗದು ಅವನ್ನ ಹಾಕ್ರಿ!”

ಇಡೀ ಅಂಗಳ ನಕ್ಕಿತು. ಅವ್ವ ಸೆರಗು ಬಾಯಿಗೆ ಹಿಡಿದಳು — ನಾಚಿಕೆಗೆಂದು ನಾನು ಭಾವಿಸಿದೆ; ಅವಳೂ ನಗುತ್ತಿದ್ದಳು. “ತಗಿಯೂದು ಯಾಕಲೇ?” ಎಂದು ಶಾಲೆಯ ಗೇಟಿನ ಹತ್ತಿರ ನಿಂತಿದ್ದ ಫಕ್ಕೀರಪ್ಪ ಅಲ್ಲಿಂದಲೇ ಕೂಗಿದ. “ನೀ ಕಳಿಸಿದ್ದ ಆಲೂಗಡ್ಡಿ ತಿಂದ ಅವ್ರು ಗುಂಡು ಹೊಡದಾರ. ಇರಲಿ ಬಿಡು.”

ಆದರೆ ಹನ್ನೆರಡನೆಯ ಹೆಸರಿಗೆ ಜಾಗ? ಮಲ್ಲೇಶಿಯನ್ನು ಕರೆಸಿದರು. ಆತ ಬಂದು ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಉಳಿ ಇಟ್ಟು, ನಾಲ್ಕು ಬೆರಳಿನಷ್ಟು ಸಿಮೆಂಟನ್ನು ಒಡೆದು ತೆಗೆದ. ಕೆಳಗೆ ಕಲ್ಲು ನುಣ್ಣಗೆ ಇತ್ತು. ಅರ್ಧ ಗಂಟೆಯ ಕೆಲಸ.

“ಇಷ್ಟೇನಾ?” ಎಂದೆ.

“ಇಷ್ಟ ನೋಡ್ರಿ. ಆಗ ಕೇಳಿದ್ರ ಆಗಾನೂ ಮಾಡ್ತಿದ್ದೆ. ಯಾರೂ ಕೇಳಲಿಲ್ಲ.”

ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಿದ್ದರೆ ನನ್ನ ನೆನಪಿಗೆ ಬಹಳ ಅನುಕೂಲವಾಗುತ್ತಿತ್ತು.

ಹೆಸರು ಕೆತ್ತಿದ ಮರುದಿನ ನಾನು ಆತನ ಆಟೊ ಹತ್ತಿದೆ. ಏಳು ವರ್ಷದ ಮೇಲೆ. ಟೇಪು ಬಂದ್ ಆಗಿತ್ತು. ಗೋದಾಮು ದಾಟುವಾಗ ಒಬ್ಬ ಹೆಂಗಸು, “ಫಕ್ಕೀರಣ್ಣಾ, ಹೇಳಪಾ ನಿನ್ನ ಲಂಕಾದ್ದು” ಎಂದಳು. ಆತ ಮೊದಲು ತಲೆಯಾಡಿಸಿದ. ಆಮೇಲೆ ಹಡಗು ಹೊರಟಿತು. ಗೇಟು ಹಾಕಿತ್ತು, ಎಲ್ಲರೂ ವಾಂತಿ ಮಾಡಿಕೊಂಡರು, ನಾವೆಲ್ಲ ನಕ್ಕೆವು. ಸೇತುವೆ ಬಂದಾಗ ಗುಂಡು ಹಾರಿತು. ಬಿಸ್ಕತ್ತು ಮುರಿಯಲು ಎರಡೂ ಕೈ ಎದ್ದವು, ಹೆಂಗಸರು ಕೂಗಿದರು. ನೀರಿಗೆಂದು ಒಬ್ಬ ಎದ್ದ, ಬಿದ್ದ. ಫಕ್ಕೀರಪ್ಪ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

“ಆಗ ಅವಾ ಅಂದ...”

ಅವನು ಉತ್ತರದ ಯಾವುದೋ ಗುಡ್ಡದ ಸೀಮೆಯ ಹುಡುಗ. ಕೊನೆಗೆ ತನ್ನ ಮನೆಯ ಮಾತಿನಲ್ಲಿ ಏನೋ ಹೇಳಿದ್ದ. ಫಕ್ಕೀರಪ್ಪನಿಗೆ ಅದರ ಅರ್ಥ ಅಂದೂ ಗೊತ್ತಿರಲಿಲ್ಲ, ಆಮೇಲೂ ತಿಳಿಯಲಿಲ್ಲ. ಕಿವಿಗೆ ಬಿದ್ದ ಹಾಗೆಯೇ ಹಿಡಿದಿಟ್ಟುಕೊಂಡು, ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಉಳಿಸಿಕೊಂಡು ಬಂದಿದ್ದ.

“ಅವಾ ಅಂದ...”

ಆಟೊ ನಿಧಾನವಾಯಿತು. ಬೇವಿನ ಮರದ ಬಳಿ ನಿಂತಿತು. ಆತ ಎಂಜಿನ್ ಆರಿಸಿದ. ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಹಿಂದಿನಿಂದ ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು ಹೇಳಿದರು. ಪ್ರತಿಯೊಬ್ಬರೂ ಅದನ್ನು ನೂರು ಸಲ ಕೇಳಿದವರು. “ಅಲ್ಲ” ಎಂದ. “ಅದಲ್ಲ... ಹತ್ರ ಐತಿ, ಆದ್ರ ಅದಲ್ಲ.” ಆಮೇಲೆ ನಮ್ಮ ಕಡೆ ತಿರುಗಿ, ತಪ್ಪು ತನ್ನದೇ ಎಂಬಂತೆ ನಕ್ಕ: “ಹೇಳೂದು ಬಿಟ್ಟಿದ್ನಲ್ಲರಿ. ಹೋಗಿಬಿಟ್ಟದ.”

ಮನೆಗೆ ಬಂದು ಹಳೆಯ ಡೈರಿಗಳನ್ನೆಲ್ಲ ಹುಡುಕಿದೆ. ಆತ ದಿನವೂ ಕಥೆ ಹೇಳುತ್ತಿದ್ದ ವರ್ಷಗಳವು. ಮಳೆ ಬಂದದ್ದು ಇದೆ, ಬಸ್ಸು ಕೆಟ್ಟದ್ದು ಇದೆ. ಆ ನಾಲ್ಕು ಮಾತು ಎಲ್ಲಿಯೂ ಇಲ್ಲ. ಎಲ್ಲೋ ಒಂದು ಗುಡ್ಡದ ಊರಿನಲ್ಲಿ ಅದನ್ನು ಕೇಳಿದರೆ ಅರ್ಥ ಮಾಡಿಕೊಳ್ಳಬಲ್ಲವರು ಇರಬಹುದು. ಅವರ ಹುಡುಗನ ಕೊನೆಯ ಮಾತನ್ನು ರಾಣೆಬೆನ್ನೂರಿನ ಒಂದು ಆಟೊ ಅಷ್ಟು ವರ್ಷ ಕಾಪಾಡಿತ್ತು. ನಾನು ಮೈಕು ಹಿಡಿದು ಅದನ್ನು ನಿಲ್ಲಿಸಿದೆ.

ಈಗ ದಿನವೂ ಆ ಆಟೊದಲ್ಲೇ ಬರುತ್ತೇನೆ. ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ತೆರೆದ ನೋಟ್‌ಬುಕ್ಕು. ಕಥೆ ಪ್ರತಿದಿನ ಬಾವಿಯ ಕಟ್ಟೆಯವರೆಗೆ ಬರುತ್ತದೆ, ಅಲ್ಲಿ ಆತ ಒಂದು ಕ್ಷಣ ತಡೆಯುತ್ತಾನೆ, ನಾನು ಪೆನ್ನು ಹಿಡಿದು ಕಾಯುತ್ತೇನೆ. ಇನ್ನೂ ಬಂದಿಲ್ಲ.